ಇವರು ಜೋಡಿಸಿಟ್ಟ ಪಾತ್ರೆಗಳು

ಫೆಬ್ರವರಿ 3, ಸೋಮವಾರ

ಪಾತ್ರೆ ತೊಳೆಯುವ ಮಷೀನಿಗೆ ಹಾಕುವ ಮಾತ್ರೆ ಮಾಡಲು ಇವತ್ತು ಕೂತೆ. ಕೆಟ್ಟಿತು.

ಇದು ಇವರ ಕೆಲಸವಾಗಿತ್ತು. ಅಂಗಡಿಯ ಮಾತ್ರೆಗೆ ದುಡ್ಡು ಸುರಿಯುವವನು ಮೂರ್ಖ ಎಂದು, ಯಾವುದೋ ವಿಡಿಯೋ ನೋಡಿ ಕಲಿತರು. ವಾಷಿಂಗ್ ಸೋಡಾ, ಅಡುಗೆ ಸೋಡಾ, ನಿಂಬೆ ಉಪ್ಪು, ಮೇಲೆ ಒಂದಿಷ್ಟು ಕಲ್ಲುಪ್ಪು. ಎಲ್ಲ ಬೆರೆಸಿ, ಹನಿ ನೀರು ಚಿಮುಕಿಸಿ, ಫ್ರಿಜ್ಜಿನ ಐಸ್ ಟ್ರೇಯಲ್ಲಿ ಒತ್ತಿ ಒಣಗಿಸುವುದು. ಅಂದಿನಿಂದ ನಮ್ಮ ಮನೆಯಲ್ಲಿ ಐಸ್ ಇಲ್ಲ. ಬಂದವರು ತಣ್ಣಗೆ ಏನಾದರೂ ಕೇಳಿದರೆ, "ಮೊದಲು ಪಾತ್ರೆಗಳ ಕಾಯಿಲೆ ವಾಸಿಯಾಗ್ಲಿ, ಆಮೇಲೆ ನಿಮ್ಮ ಬಾಯಾರಿಕೆ" ಎನ್ನುತ್ತಿದ್ದರು.

ಹೋದ ತಿಂಗಳು ಆ ಸಂಜೆ ಊಟವಾದ ಮೇಲೆ ತಟ್ಟೆಗಳನ್ನು ಮಷೀನಿನಲ್ಲಿ ಜೋಡಿಸಿ, "ಮಾತ್ರೆ ಮುಗಿದಿದೆ. ನಾಳೆ ಮಾಡ್ತೀನಿ. ಹೇಗಿದ್ರೂ ಇನ್ನೂ ತುಂಬಿಲ್ಲ" ಎಂದರು. ತುಂಬದ ಮಷೀನು ಹಾಕಬಾರದು ಎಂಬುದು ಇವರ ಕಾನೂನು. ಮಗಳು ಓದಲು ಬೇರೆ ಊರಿಗೆ ಹೋದ ಮೇಲೆ ಮನೆಯಲ್ಲಿ ಗಂಡ ಹೆಂಡತಿ ಇಬ್ಬರೇ. ತುಂಬುವುದಕ್ಕೆ ಮೂರು ನಾಲ್ಕು ದಿನ ಹಿಡಿಯುತ್ತಿತ್ತು. ಮರುದಿನ ಬೆಳಗ್ಗೆ ಡ್ರೈವಿಂಗ್ ಶಾಲೆಯ ಅಂಗಳದಲ್ಲಿ, ಒಬ್ಬಳಿಗೆ ಗಾಡಿ ಹಿಂದಕ್ಕೆ ತೆಗೆಯುವುದನ್ನು ಕಲಿಸುತ್ತಾ, ಪಕ್ಕದ ಸೀಟಿನಲ್ಲೇ ತಲೆ ವಾಲಿಸಿದರು. ಮೇಷ್ಟ್ರು ಕಣ್ಣು ಮುಚ್ಚಿಕೊಂಡು ತನ್ನನ್ನು ಪರೀಕ್ಷೆ ಮಾಡುತ್ತಿದ್ದಾರೆ ಎಂದುಕೊಂಡು ಆಕೆ ಗಾಡಿಯನ್ನು ಸರಿಯಾಗಿ ಗೆರೆಯೊಳಗೆ ತಂದು ನಿಲ್ಲಿಸಿದಳಂತೆ.

ಆ ಪಾತ್ರೆಗಳು ಇನ್ನೂ ಒಳಗಿವೆ. ಮಾತ್ರೆ ಇಲ್ಲದೆ ಹೇಗೆ ತೊಳೆಯುವುದು?

ಬಂದಿದ್ದ ನೆಂಟರೆಲ್ಲ ಹೋದರು. ಅತ್ತೆ ಮಾತ್ರ ಉಳಿದಿದ್ದಾರೆ. ತಿಂಗಳ ಕೊನೆಗೆ ನಾದಿನಿ ಬಂದು ತನ್ನ ಮನೆಗೆ ಕರೆದುಕೊಂಡು ಹೋಗುತ್ತಾಳಂತೆ. ಒಳ್ಳೆಯದು. ಒಬ್ಬನನ್ನೇ ಕಳೆದುಕೊಂಡ ಇಬ್ಬರು ಹೆಂಗಸರು ಒಂದೇ ಅಡುಗೆಮನೆಯಲ್ಲಿ ಎಡತಾಕುತ್ತಿದ್ದರೆ ಯಾರು ಯಾರಿಗೆ ಸಮಾಧಾನ ಹೇಳಬೇಕೋ ತಿಳಿಯುವುದಿಲ್ಲ.

ನಾಲ್ಕೂ ಸಾಮಾನು ಮೇಲಿನ ಕಪಾಟಿನಲ್ಲೇ ಇದ್ದವು. ಒಣ ಸಾಮಾನಿಗೆ ಒಣ ಸಾಮಾನು ಬೆರೆಸಿದೆ. ಒಂದು ಹನಿ ನೀರು ಹಾಕುವ ಮೊದಲೇ ಅದು ಬುಸ್ಸೆಂದು ಉಬ್ಬಿ, ನೋಡುನೋಡುತ್ತಿದ್ದಂತೆ ತೆಳ್ಳಗಿನ ಹಿಟ್ಟಾಗಿ ಹರಿಯಿತು. ನೀರು ಎಲ್ಲಿಂದ ಬಂತು?

ಫೆಬ್ರವರಿ 4, ಮಂಗಳವಾರ

ನೀರು ಸೋಡಾದ ಹರಳಿನೊಳಗೇ ಇತ್ತಂತೆ. ಹರಳಾಗಿರುವ ಸೋಡಾ ಬೇರೆ, ಪುಡಿಯಾಗಿರುವುದು ಬೇರೆ. ಇವರು ಹರಳನ್ನು ಏನು ಮಾಡುತ್ತಿದ್ದರು? ಬಾಗಿಲಲ್ಲಿ ನಿಂತು ನೋಡಿದವಳೇ ಹೊರತು ಒಮ್ಮೆಯೂ ಕೇಳಲಿಲ್ಲ.

ಅಂಗಡಿಗೆ ಹೋಗಿಬಂದೆ. ಕೆಲಸಕ್ಕೆ ಹೋಗುವ ನಮ್ಮ ಕನ್ನಡಕದ ಅಂಗಡಿಗೆ. ಯಜಮಾನರು, "ಇನ್ನೂ ಒಂದು ವಾರ ಬಿಟ್ಟು ಬರಬಹುದಿತ್ತಮ್ಮ" ಎಂದರು. ಮಸೂರ ಒರೆಸುತ್ತಾ ಕೂತೆ. ಒರೆಸಿದ್ದನ್ನೇ ಒರೆಸಿದೆ.

ಫೆಬ್ರವರಿ 8, ಶನಿವಾರ

ಹರಳನ್ನು ಬಾಣಲೆಗೆ ಹಾಕಿ ಸಣ್ಣ ಉರಿಯಲ್ಲಿ ಇಟ್ಟೆ. ಮೊದಲು ಏನೂ ಆಗಲಿಲ್ಲ. ಆಮೇಲೆ ಅಂಚು ಕರಗಿ, ತನ್ನೊಳಗಿನ ನೀರಿನಲ್ಲೇ ತಾನು ಮುಳುಗಿ, ಕುದಿಯಿತು. ಬಹಳ ಹೊತ್ತು ಕುದಿಯಿತು. ಕೈಬಿಡದೆ ಕೆದಕುತ್ತಿದ್ದೆ. ಕೊನೆಗೆ ಬಾಣಲೆಯ ತಳದಲ್ಲಿ ಬಿಳಿ ಪುಡಿ ಉಳಿಯಿತು. ಮುಷ್ಟಿಯಲ್ಲಿ ಹಿಡಿದರೆ ಬೆರಳ ಸಂದಿಯಿಂದ ಇಳಿದುಹೋಗುವಂಥದ್ದು. ಅರ್ಧಕ್ಕರ್ಧ ಕಡಿಮೆಯಾಗಿತ್ತು.

ಅತ್ತೆ ಬಾಗಿಲಲ್ಲಿ ನಿಂತು ನೋಡುತ್ತಿದ್ದರು.

"ಏನು ಹುರೀತಿದ್ದೀಯೆ? ಘಮಘಮಾ ಅಂತಾನೂ ಇಲ್ಲ."

"ಸೋಡಾ, ಅತ್ತೆ. ಮಷೀನ್‌ಗೆ ಮಾತ್ರೆ ಮಾಡ್ತಿದ್ದೀನಿ."

"ಅದಕ್ಕೂ ಮಾತ್ರೆನಾ! ನನಗೆ ಬಿ.ಪಿ.ದು ಎರಡು, ಸಕ್ಕರೆದು ಒಂದು. ಅದಕ್ಕೇನು ರೋಗ?"

ನನಗೆ ನಗು ಬರಲಿಲ್ಲ. ಅವರೂ ನಗಿಸಲು ಹೇಳಿದಂತಿರಲಿಲ್ಲ. ಸುಮ್ಮನಿದ್ದರೆ ಮನೆ ತೀರಾ ಸುಮ್ಮನಾಗುತ್ತದೆ ಎಂದು ಹೇಳಿದ್ದು ಅಷ್ಟೆ.

ಪುಡಿ ಆರಿದ ಮೇಲೆ ಬೆರೆಸಿದೆ. ಈ ಸಲ ಹರಿಯಲಿಲ್ಲ. ನೀರು ಚಿಮುಕಿಸುವಾಗ ಕೈ ಜಾಸ್ತಿಯಾಯಿತು; ಟ್ರೇಯ ಗುಳಿಗಳಿಂದ ಎಲ್ಲವೂ ಅಣಬೆಯಂತೆ ಮೇಲೆದ್ದವು. ಒಣಗಿದ ಮೇಲೆ ಮುಟ್ಟಿದರೆ ಉದುರಿದವು. ತೆಗೆಯುವ ಗಡಿಬಿಡಿಯಲ್ಲಿ ಟ್ರೇಯೂ ಸೀಳಿತು.

ಫೆಬ್ರವರಿ 11, ಮಂಗಳವಾರ

ಮನೆಗೆ ಬಂದರೆ ಅತ್ತೆ ಫೋನಿನಲ್ಲಿದ್ದರು. ಮೂವತ್ತು ವರ್ಷ ಟೆಲಿಫೋನ್ ಆಪರೇಟರ್ ಆಗಿದ್ದವರು. ಫೋನು ಕೈಗೆ ಬಂದರೆ ಅವರ ಧ್ವನಿಯೇ ಬೇರೆ, ಇಸ್ತ್ರಿ ಮಾಡಿದ ಹಾಗಿರುತ್ತದೆ. "ಅವಳು ಮಲಗಿದ್ದಾಳೆ. ಹೌದು. ನೀವು ಮಾಡಿದ್ರಿ ಅಂತ ತಿಳಿಸ್ತೀನಿ." ನಾನು ಎದುರಿಗೇ ಚಪ್ಪಲಿ ಬಿಡುತ್ತಿದ್ದೆ.

"ಯಾರು ಅತ್ತೆ?"

"ಯಾರೋ. ಹೇಗಾಯ್ತು, ಎಷ್ಟೊತ್ತಿಗೆ ಆಯ್ತು, ಯಾರ್ಯಾರಿದ್ರು ಅಂತ ಕೇಳ್ತಿದ್ರು. ಲೈನ್ ಕಟ್ ಮಾಡಿದೆ."

ಮಗ ಹೋದದ್ದು ಹೇಗೆಂದು ಅವರೂ ನನ್ನನ್ನು ಕೇಳಿಲ್ಲ. ನಾನೂ ಹೇಳಿಲ್ಲ. ಬಂದ ದಿನ ಗುಂಪಿನಲ್ಲಿ ಯಾರೋ ಅವರಿಗೆ ಹೇಳಿರಬೇಕು.

ಊಟಕ್ಕೆ ಗಾಜಿನ ಕಪಾಟಿನಿಂದ ಹೂವಿನ ತಟ್ಟೆಗಳನ್ನು ತೆಗೆದೆ, ಮದುವೆಗೆ ಬಂದವು. ದಿನಬಳಕೆಯವು ಮಷೀನಿನಲ್ಲಿವೆಯಲ್ಲ. ಕಾಫಿಗೆ ಲೋಟ ಸಾಲದೆ ನಾನು ಅಳತೆಯ ಪಾತ್ರೆಯಲ್ಲಿ ಕುಡಿಯುತ್ತಿದ್ದೇನೆ.

"ಈ ಮನೇಲಿ ತಟ್ಟೆ ಲೋಟಕ್ಕೆ ಬರ ಬಂದಿದೆಯೇನೆ? ನನ್ನನ್ನ ದಿನಾ ನೆಂಟರ ಥರ ಕೂರಿಸ್ತೀಯ" ಎಂದರು ಅತ್ತೆ.

"ಮಾತ್ರೆ ಆಗ್ಲಿ ಅತ್ತೆ, ಎಲ್ಲ ತೊಳೆದುಬಿಡ್ತೀನಿ."

ಅವರು ನನ್ನ ಕೈಯ ಅಳತೆ ಪಾತ್ರೆಯನ್ನು ನೋಡಿದರು. "ನಿಂಗೆ ಎಷ್ಟು ಎಂ.ಎಲ್. ಕಾಫಿ?" ಎಂದು ಕೇಳಿ ತಲೆ ತಗ್ಗಿಸಿ ಉಂಡರು.

ಫೆಬ್ರವರಿ 16, ಭಾನುವಾರ

ಇವತ್ತು ಬರೆಯಬಾರದು ಎಂದುಕೊಂಡಿದ್ದೆ.

ಸೋಪು ಮಾಡುವವರು ಬಳಸುವ ಅಚ್ಚು ತಂದಿದ್ದೆ, ಮೆತ್ತಗೆ ಬಗ್ಗುವಂಥದ್ದು. ಚೌಕದ ಗುಳಿಗಳು, ಅಂಚು ನೇರ. ಬೆಳಗ್ಗೆಯಿಂದ ಅದರ ಮುಂದೆಯೇ ಕೂತಿದ್ದೆ. ನೀರನ್ನು ಸುರಿಯಬಾರದು, ಕನ್ನಡಕ ಒರೆಸಲು ಇಟ್ಟುಕೊಳ್ಳುವ ಸ್ಪ್ರೇ ಬಾಟಲಿಯಲ್ಲಿ ಮಂಜಿನಂತೆ ಬೀಳಿಸಬೇಕು. ಬುಸ್ಸೆನ್ನುವ ಸದ್ದು ನಿಲ್ಲುವವರೆಗೆ ಕೈ ಕಟ್ಟಿ ಕೂರಬೇಕು. ಆಮೇಲೆ ಇನ್ನೊಂದು ಸಲ. ಮುಷ್ಟಿಯಲ್ಲಿ ಹಿಡಿದರೆ ಒದ್ದೆ ಮರಳಿನಂತೆ ನಿಲ್ಲಬೇಕು. ಚಮಚದ ಬೆನ್ನಿನಿಂದ ಒತ್ತುತ್ತಿದ್ದೆ.

ಹಿಂದೆ ಮಷೀನಿನ ಬಾಗಿಲು ತೆರೆದ ಸದ್ದು. ತಿರುಗಿದರೆ ಅತ್ತೆ ತಮ್ಮ ಕಾಫಿ ಲೋಟವನ್ನು ಮೇಲಿನ ಜಾಲರಿಯ ಖಾಲಿ ಜಾಗದಲ್ಲಿ ಇಡುತ್ತಿದ್ದರು.

"ಅದರಲ್ಲಿ ಇಡಬೇಡಿ!"

ಅಷ್ಟು ಜೋರಾಗಿ ನಾನು ಯಾರ ಮೇಲೂ ಕೂಗಿದ್ದಿಲ್ಲ. ಹೋಗಿ ಲೋಟವನ್ನು ಕಿತ್ತುಕೊಂಡೆ. ಪಕ್ಕದ ಗಾಜಿನ ಲೋಟ ಅಲುಗಿ ವಾಲಿತು. ಅದನ್ನು ಮೊದಲಿನ ಹಾಗೆಯೇ ನಿಲ್ಲಿಸಲು ನೋಡಿದೆ. ಎಷ್ಟು ವಾರೆಯಾಗಿತ್ತು, ಹಿಡಿ ಯಾವ ಕಡೆಗಿತ್ತು? ನೆನಪಾಗಲಿಲ್ಲ. ಪಾತ್ರೆ ಜೋಡಿಸುವುದನ್ನು ಇವರು ಪಾರ್ಕಿಂಗ್ ಎನ್ನುತ್ತಿದ್ದರು. "ಒಂದು ಅಡ್ಡ ನಿಂತ್ರೆ ಹತ್ತಕ್ಕೆ ದಾರಿ ಇಲ್ಲ."

"ತುಂಬಲಿ ಅಂತ ಇಟ್ಟೆ" ಎಂದರು ಅತ್ತೆ. "ತುಂಬದೆ ಹಾಕಬಾರದು ಅಂತ ಪುಟ್ಟೂನೇ ಹೇಳ್ತಿದ್ದ."

ಐವತ್ತೆರಡರ ಮಗನನ್ನು ಕೊನೆಯವರೆಗೂ ಪುಟ್ಟು ಎಂದೇ ಕರೆದವರು.

ಲೋಟವನ್ನು ತಾವೇ ಸಿಂಕಿನಲ್ಲಿ ತೊಳೆದು ಒರೆಸಿ ಇಟ್ಟು ಕೋಣೆಗೆ ಹೋದರು.

ಫೆಬ್ರವರಿ 17, ಸೋಮವಾರ

ಮಾತಿಲ್ಲ. ಬಾಯಿ ಬಿಟ್ಟರೆ ಕ್ಷಮೆ ಕೇಳಬೇಕಾಗುತ್ತದೆ. ಕೇಳಿದರೆ ಯಾಕೆ ಕೂಗಿದೆ ಎಂದು ಹೇಳಬೇಕಾಗುತ್ತದೆ.

ಮಾತ್ರೆಗಳು ಒಣಗಿವೆ. ಒಂದು ಮೂಲೆ ಸೀಳಿದೆ.

ಫೆಬ್ರವರಿ 22, ಶನಿವಾರ

ಮಗಳು ಬಂದಿದ್ದಾಳೆ, ಎರಡು ದಿನಕ್ಕೆ. ಬಂದವಳೇ ಬ್ಯಾಗು ಇಳಿಸದೆ ಅಡುಗೆಮನೆಯಲ್ಲಿ ಮೂಗು ಮುಚ್ಚಿಕೊಂಡಳು.

"ಅಮ್ಮಾ, ಏನಿದು ವಾಸನೆ?"

ನನಗೆ ಅಭ್ಯಾಸವಾಗಿಬಿಟ್ಟಿತ್ತೋ ಏನೋ. ಮಷೀನಿನ ಬಾಗಿಲು ಒಂದು ಬೆರಳಷ್ಟು ತೆರೆದಿತ್ತು. ಮುಚ್ಚಿಕೊಳ್ಳದಂತೆ ಮಡಿಚಿದ ಕರವಸ್ತ್ರ ಸಿಕ್ಕಿಸಲಾಗಿತ್ತು. ಅತ್ತೆಯ ಕರವಸ್ತ್ರ. ಯಾವಾಗಿನಿಂದ ಅಲ್ಲಿತ್ತೋ ತಿಳಿಯದು.

ಮಗಳು ಬ್ಯಾಗಿನಿಂದ ಒಂದು ಪೆಟ್ಟಿಗೆ ತೆಗೆದು ಕಟ್ಟೆಯ ಮೇಲೆ ಕುಕ್ಕಿದಳು. ಅಂಗಡಿಯ ಮಾತ್ರೆಗಳು. "ಅಜ್ಜಿ ಫೋನಲ್ಲಿ ಹೇಳಿದ್ರು. ತಗೋ, ಈಗಲೇ ಹಾಕೋಣ."

"ಅದಕ್ಕೆ ಸೆಂಟು ಹಾಕಿರ್ತಾರೆ. ಗಾಜು ಮಬ್ಬಾಗುತ್ತೆ."

"ಹಾಗಾದ್ರೆ ನೀನು ಮಾಡಿದ್ದನ್ನೇ ಹಾಕು. ಡಬ್ಬಿ ತುಂಬಾ ಇದೆಯಲ್ಲ."

"ಅದರ ಅಂಚು ಉದುರ್ತಿದೆ. ಸರಿಯಾಗಿ ಕರಗದಿದ್ರೆ ಪೈಪಿನಲ್ಲಿ ಕೂರುತ್ತೆ. ಇನ್ನೊಂದು ಸಲ ಮಾಡಿ ನೋಡ್ತೀನಿ."

"ಎಷ್ಟು ಸಲ ಅಮ್ಮಾ?" ಅವಳ ಧ್ವನಿ ಇಳಿಯಿತು. "ಇದು ಮಾತ್ರೆ ವಿಷಯ ಅಲ್ಲ ಅಲ್ವಾ?"

ಮಾತ್ರೆಯದೇ ವಿಷಯ ಎಂದೆ. ಬೇಕಾದರೆ ನೋಡು ಎಂದು ಬಿಸಿನೀರಿನ ಲೋಟದಲ್ಲಿ ಒಂದನ್ನು ಹಾಕಿ ತೋರಿಸಿದೆ. ತಳದಲ್ಲಿ ಸಕ್ಕರೆಯಂತೆ ಒಂದಿಷ್ಟು ಉಳಿಯಿತು. ಅವಳು ಲೋಟವನ್ನು ನೋಡಲಿಲ್ಲ, ನನ್ನನ್ನು ನೋಡಿದಳು. ಅಪ್ಪನ ಹಾಗೆಯೇ, ಕನ್ನಡಿ ನೋಡದೆ ಗೇರು ಬದಲಿಸಿದ ವಿದ್ಯಾರ್ಥಿಯನ್ನು ನೋಡುವಂತೆ.

ಪೆಟ್ಟಿಗೆಯನ್ನು ಕಪಾಟಿನ ಹಿಂದೆ ಇಟ್ಟೆ.

ಫೆಬ್ರವರಿ 23, ಭಾನುವಾರ

ಮಗಳು ಹೊರಟಳು. ಬಸ್ಸು ಹತ್ತುವಾಗ, "ಅಜ್ಜಿ ಹೋದ್ಮೇಲೆ ನೀನೊಬ್ಬಳೇ ಇರ್ತೀಯ, ನಂಗೆ ಅದೇ ಯೋಚನೆ" ಎಂದಳು. ಒಬ್ಬಳೇ ಇರುವುದೇನು ಮಹಾ ಎಂದೆ.

ಅತ್ತೆ ಮೊಮ್ಮಗಳಿಗೆ ಕೊಡಲು ಹಣ್ಣು ಹೆಚ್ಚಿ ಡಬ್ಬಿಗೆ ಹಾಕಿದ್ದರು. ಉಳಿದ ಅರ್ಧವನ್ನು ನನ್ನ ಮುಂದೆ ಇಟ್ಟರು. ನಾನು ಕೂಗಿದ ಮೇಲೆ ಅವರು ನನಗೆ ಕೊಟ್ಟ ಮೊದಲನೆಯದು. ತಿಂದೆ.

ಫೆಬ್ರವರಿ 26, ಬುಧವಾರ

ಗೆದ್ದೆ!

ಅತ್ತೆಯಿಂದ ಆಯಿತು. ನಾನು ಒತ್ತುತ್ತಿದ್ದುದನ್ನು ನೋಡಿ ನೋಡಿ ಸಾಕಾಗಿ, "ಕೊಡು ಇತ್ಲಾಗೆ. ಗುಬ್ಬಚ್ಚಿ ಕುಕ್ಕಿದ ಹಾಗೆ ಕುಕ್ತೀಯಲ್ಲ" ಎಂದು ಚಮಚ ಕಿತ್ತುಕೊಂಡರು. ಹೆಬ್ಬೆರಳನ್ನು ಗುಳಿಯ ಮೇಲಿಟ್ಟು ಮೈಭಾರವನ್ನೆಲ್ಲ ಅದರ ಮೇಲೆ ಬಿಟ್ಟರು. ಎಪ್ಪತ್ತೆಂಟರ ಬೆರಳು, ಆದರೂ ಸಡಿಲಿಸಲಿಲ್ಲ.

"ಬೆರಳು ಉರಿಯುತ್ತೆ ಅತ್ತೆ, ಸೋಡಾ ಅದು. ಕೈಗವಸು ಹಾಕ್ಕೊಳ್ಳಿ."

"ಉರೀಲಿ ಬಿಡು. ಏನಾದ್ರೂ ಉರಿದ್ರೆ ಬೇರೇದು ಮರೆಯುತ್ತೆ."

ಆಮೇಲೆ ನಾನೇ ಅವರ ಕೈಗೆ ರಬ್ಬರಿನ ಕೈಗವಸು ತೊಡಿಸಿದೆ. ಅವು ಇವರವು, ದೊಡ್ಡವು. ಬೆರಳ ತುದಿಗಳು ಬಾತುಕೋಳಿಯ ಕೊಕ್ಕಿನಂತೆ ಜೋತವು. ಇಬ್ಬರೂ ಆ ಕೈಗಳನ್ನು ನೋಡಿದೆವು.

ಸಂಜೆ ಅಚ್ಚು ಬಗ್ಗಿಸಿದರೆ ಟಕ್ಕೆಂದು ಬಿದ್ದವು. ಮೂಲೆ ಸೀಳಿಲ್ಲ, ಅಂಚು ಉದುರುವುದಿಲ್ಲ. ಮಸೂರ ಪರೀಕ್ಷಿಸುವ ಭೂತಗನ್ನಡಿಯಲ್ಲಿ ನೋಡಿದೆ, ಒಂದು ಕೂದಲೆಳೆ ಬಿರುಕೂ ಇಲ್ಲ. ಬಿಸಿನೀರಿನಲ್ಲಿ ಪೂರ್ತಿ ಕರಗಿತು.

ಇನ್ನೊಂದು ದಿನ ಒಣಗಲಿ. ತೇವ ಉಳಿದಿರಬಹುದು.

ಮಾರ್ಚ್ 1, ಶನಿವಾರ

ಎಲ್ಲ ಸರಿಯಾಗಿ ಬರೆಯಬೇಕು.

ಅಂಗಡಿಯಿಂದ ಮಧ್ಯಾಹ್ನವೇ ಬಂದೆ. ಅತ್ತೆ ಅಡುಗೆಮನೆಯಲ್ಲಿ ಮಣೆ ಹಾಕಿಕೊಂಡು ಮಷೀನಿನ ಮುಂದೆ ಕೂತಿದ್ದರು. ಬಾಗಿಲು ಪೂರ್ತಿ ತೆರೆದಿತ್ತು. ಕೆಳಗಿನ ಜಾಲರಿಯನ್ನು ಮಡಿಲವರೆಗೆ ಎಳೆದುಕೊಂಡಿದ್ದರು. ಏನನ್ನೂ ಮುಟ್ಟಿರಲಿಲ್ಲ. ಕೈಗಳು ತೊಡೆಯ ಮೇಲಿದ್ದವು.

ಈ ಸಲ ನಾನು ಕೂಗಲಿಲ್ಲ.

"ಇದು ಅವನ ತಟ್ಟೆ" ಎಂದರು ತಿರುಗದೆ. "ನೋಡು, ಟೊಮೆಟೊ ಸಿಪ್ಪೆ. ಚಿಕ್ಕಂದಿನಿಂದ್ಲೂ ಹೀಗೇ, ಸಿಪ್ಪೇನ ನಾಲಿಗೇಲಿ ಬಿಡಿಸಿ ಅಂಚಿಗೆ ತಳ್ಳೋನು. ಎಷ್ಟು ಹೊಡೆದೆ ಇದಕ್ಕೆ."

ಒಣಗಿ ಸುರುಳಿಯಾದ ಮೂರು ನಾಲ್ಕು ಕೆಂಪು ಚೂರುಗಳು. ಇಷ್ಟು ದಿನ ಬಾಗಿಲು ತೆರೆದು ಮುಚ್ಚಿದ್ದೇನೆ, ಅವುಗಳನ್ನು ನಾನು ನೋಡಿಯೇ ಇರಲಿಲ್ಲ. ತಟ್ಟೆಗಳು ಹೇಗೆ ನಿಂತಿವೆ ಎಂದು ನೋಡಿದ್ದೆ ಅಷ್ಟೆ.

"ಅವತ್ತು ಏನಡುಗೆ?" ಎಂದು ಕೇಳಿದರು. "ನಂಗೆ ಯಾರೂ ಹೇಳಲಿಲ್ಲ. ಎಷ್ಟೊತ್ತಿಗೆ ಹೋಯ್ತು ಜೀವ, ಯಾವ ಡಾಕ್ಟ್ರು ಬಂದ್ರು, ಎಲ್ಲಾ ಹೇಳಿದ್ರು. ಏನು ಉಂಡು ಮಲಗಿದ್ದ ಅಂತ ಯಾರೂ ಹೇಳಲಿಲ್ಲ. ನಿನ್ನನ್ನ ಕೇಳೋಕೆ ಬಾಯಿ ಬರಲಿಲ್ಲ ಕಣೆ. ನೀನು ಇದನ್ನ ಹೀಗೇ ಇಟ್ಟುಕೊಂಡಿದ್ದು ಯಾಕೆ ಅಂತ ಬಂದ ವಾರಾನೇ ಗೊತ್ತಾಯ್ತು. ನನಗೂ ಇರಲಿ ಅನ್ನಿಸ್ತು. ಸುಮ್ಮನಾದೆ."

ನಾನೂ ನೆಲದ ಮೇಲೆ ಕೂತೆ.

ಒಂದೊಂದಾಗಿ ತೆಗೆದೆ. ತೆಗೆದು ಹೇಳಿದೆ. ಇದು ಭಾನುವಾರದ ಬಟ್ಟಲು. ಹಣ್ಣು ಹೆಚ್ಚಿ ಮೊಸರಿನಲ್ಲಿ ಕಲಸಿದ್ದರು, ಬೀಜವೂ ಸೇರಿತ್ತು. ಈ ಗಾಜಿನ ಲೋಟ ನನ್ನದು. ಈ ಚಮಚದಲ್ಲಿ ರೇಡಿಯೋದ ಹಿಂಬದಿ ತಿರುಪು ಬಿಚ್ಚಲು ನೋಡಿದರು, ತುದಿ ಬಾಗಿದೆ ನೋಡಿ. ಸೋಮವಾರ ಏನೂ ಇಲ್ಲ, ಹೊರಗೆ ತಿಂದೆವು, ಕಾಫಿ ಲೋಟಗಳಷ್ಟೇ. ಮಂಗಳವಾರ ಸಂಜೆ, ಅಂದರೆ ಕೊನೆಯ ಸಂಜೆ, ಅನ್ನ, ಟೊಮೆಟೊ ಗೊಜ್ಜು, ಮತ್ತೆ ಆಲೂಗಡ್ಡೆ ಪಲ್ಯ ನಾನೇ ಮಾಡುತ್ತೇನೆ ಎಂದು ನಿಂತರು.

ಮೂಲೆಯಿಂದ ಬಾಣಲೆ ತೆಗೆದೆ. ತಳ ಕಪ್ಪಗೆ ಸೀದಿತ್ತು.

ಅತ್ತೆ ಅದನ್ನು ಕೈಗೆ ತೆಗೆದುಕೊಂಡರು. ತಳವನ್ನು ಉಗುರಿನಿಂದ ಕೆರೆದರು.

"ಆಲೂಗಡ್ಡೇನಾ?"

"ಹೌದು ಅತ್ತೆ. ಒಂದು ಫೋನು ಬಂತು. ಮಾತಾಡ್ತಾ ಬಾಲ್ಕನಿಗೆ ಹೋದ್ರು, ಬರೋಷ್ಟರಲ್ಲಿ..."

"ನಂದೇ ಆ ಫೋನು." ಅವರ ಧ್ವನಿ ಆಪರೇಟರಿನದಾಗಿರಲಿಲ್ಲ. "ಅಮ್ಮಾ ಒಲೆ ಮೇಲೆ ಆಲೂಗಡ್ಡೆ ಇದೆ, ಆಮೇಲೆ ಮಾಡ್ತೀನಿ ಅಂದ. ನಾನೇ ಬಿಡಲಿಲ್ಲ. ಇನ್ನೊಂದೇ ಮಾತು ಕಣೋ, ಇನ್ನೊಂದೇ ಮಾತು ಅಂತ ಎಳೆದೆ. ಪಕ್ಕದ ಮನೆ ಬೆಕ್ಕಿನ ವಿಷಯ. ಬೆಕ್ಕು ಮರಿ ಹಾಕಿದ್ದು ಹೇಳಿದೆ. ಮೂವತ್ತು ವರ್ಷ ಊರಿಗೆಲ್ಲಾ ಮೂರು ನಿಮಿಷಕ್ಕೆ ಲೈನ್ ಕಟ್ ಮಾಡಿದೋಳು ನಾನು. ಆಮೇಲೆ ಏನು ಮಾಡಿದ?"

"ಓಡಿ ಬಂದ್ರು. ಸೀಯಿಸಿದ್ದು ನಾನೇ ಅಂತ ನನ್ನ ಮೇಲೇ ರೇಗಿದ್ರು. ಒಲೆ ಹತ್ರ ಇದ್ದೋಳು ನೋಡಬಾರದಾ ಅಂತ. ನಾನು, ಗಾಡಿ ಯಾರು ಓಡಿಸ್ತಿದ್ರೋ ಅವರದೇ ಜವಾಬ್ದಾರಿ ಅಂದೆ. ಅದು ಇವರದೇ ಮಾತು. ಆಮೇಲೆ ಸೀದದ್ದನ್ನ ಕೆರೆದು ಬದಿಗಿಟ್ಟು, ಮೇಲಿನದು ಇಬ್ಬರೂ ತಿಂದ್ವಿ. ಹೊಗೆ ವಾಸನೆ. ಅಮ್ಮ ಬೆಕ್ಕಿನ ಕಥೆ ಹೇಳ್ತಿದ್ದಳು, ಒಂದು ಮರಿ ಬೇಕಾ ಅಂತ ಕೇಳಿದಳು ಅಂದ್ರು."

"ಏನಂದೆ ನೀನು?"

"ಬೇಡ, ಪಲ್ಯ ಕಾಯೋಕೆ ಬರೋ ಬೆಕ್ಕಿದ್ರೆ ಕಳಿಸಲಿ ಅಂದೆ."

ಅತ್ತೆ ನಕ್ಕರು. ಮೊದಲು ಭುಜ ಅಲುಗಿತು, ಆಮೇಲೆ ಸದ್ದು ಬಂತು. ನಾನೂ ನಕ್ಕೆ. ನಗುನಗುತ್ತಲೇ ಅವರು ಬಾಣಲೆಯನ್ನು ಎದೆಗೆ ಒತ್ತಿಕೊಂಡು ಅತ್ತರು. ಬಿಳಿ ರವಿಕೆಯ ಮೇಲೆ ಮಸಿಯ ದುಂಡನೆ ಗುರುತಾಯಿತು. ಅವರು ಅತ್ತದ್ದನ್ನು ಆ ತನಕ ನೋಡಿರಲಿಲ್ಲ.

ಎಲ್ಲವನ್ನೂ ಮತ್ತೆ ಒಳಗಿಟ್ಟೆವು. ಇವರ ಹಾಗೆ ಇಡಲು ಬರಲಿಲ್ಲ. ನನಗೆ ಪಾರ್ಕಿಂಗ್ ಬಾರದು. ಮೇಲಿನ ಜಾಲರಿಯಲ್ಲಿ ಒಂದು ಜಾಗ ಉಳಿಯಿತು. ಅತ್ತೆ ಎದ್ದು ತಮ್ಮ ಲೋಟ ತಂದರು.

"ಈಗ ಇಡಬಹುದಾ?"

ನಾನೇ ತೆಗೆದುಕೊಂಡು ಇಟ್ಟೆ.

ಆಮೇಲೆ ಮಾತ್ರೆ. ಡಬ್ಬಿಯಿಂದ ಅತಿ ಚೆಂದದ್ದನ್ನು ಆರಿಸಿ ಬಾಗಿಲಿನ ಒಳಬದಿಯ ಪುಟ್ಟ ಗೂಡಿಗೆ ಇಡಲು ಹೋದೆ. ಹಿಡಿಯಲಿಲ್ಲ. ಅಡ್ಡ ತಿರುಗಿಸಿದೆ, ಆಗಲಿಲ್ಲ. ಇನ್ನೊಂದು ತೆಗೆದೆ, ಎಲ್ಲ ಒಂದೇ ಅಚ್ಚಿನವು. ಗೂಡಿನ ಮುಚ್ಚಳ ಮುಚ್ಚಿಕೊಳ್ಳಬೇಕಾದರೆ ಮಾತ್ರೆ ಇದರ ಅರ್ಧದಷ್ಟಿರಬೇಕಿತ್ತು.

"ಅಲ್ವೇ, ತಿಂಗಳು ಪೂರ್ತಿ ಮಾಡಿದೆ. ಅದರ ಬಾಯಿಗೆ ಹಿಡಿಯುತ್ತಾ ಅಂತ ಒಂದು ಸಲಾನೂ ನೋಡಲಿಲ್ವಾ?"

ನೋಡಿರಲಿಲ್ಲ. ಮಸೂರವನ್ನು ಫ್ರೇಮಿಗೆ ಹಿಡಿದು ನೋಡದೆ ಉಜ್ಜುವವಳಲ್ಲ ನಾನು. ಇದನ್ನು ಯಾಕೆ ನೋಡಲಿಲ್ಲವೋ.

ಅತ್ತೆ ಕುಟ್ಟಾಣಿ ತಂದು ಒಂದೇ ಏಟಿಗೆ ಎರಡು ಹೋಳು ಮಾಡಿದರು. ಒಂದು ಹೋಳನ್ನು ಗೂಡಿನಲ್ಲಿಟ್ಟು ಮುಚ್ಚಳ ಒತ್ತಿದರು. ಗುಂಡಿ ಯಾವುದು ಎಂದು ಕೇಳಿದರು. ತೋರಿಸಿದೆ. "ನೀನು" ಎಂದರು.

ಒತ್ತಿದೆ. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಒಳಗೆ ನೀರು ತುಂಬುವ ಸದ್ದು.

ಮುಗಿಯುವವರೆಗೂ ಇಬ್ಬರೂ ಅಲ್ಲೇ ಕೂತಿದ್ದೆವು. ಅತ್ತೆ ಬೆಕ್ಕಿನ ಮರಿಗಳ ಕಥೆಯನ್ನು ಪೂರ್ತಿ ಹೇಳಿದರು.

ಮಾರ್ಚ್ 2, ಭಾನುವಾರ

ಗಾಜಿನ ಲೋಟಗಳ ಮೇಲೆ ಬಿಳಿ ಪೊರೆ ಕೂತಿದೆ. ನಿಂಬೆ ಉಪ್ಪು ಸಾಲದಾಯಿತೇನೋ; ಮುಂದಿನ ಸಲ ಒಂದು ಚಮಚ ಜಾಸ್ತಿ ಹಾಕಬೇಕು. ಅಚ್ಚನ್ನು ಅರ್ಧ ಮಾತ್ರ ತುಂಬಿದರಾಯಿತು. ಬಾಣಲೆಯ ಸೀಕಲು ಹೋಗಿಲ್ಲ. ಬಿಸಿನೀರಿನಲ್ಲಿ ನೆನೆಹಾಕಿದ್ದೇನೆ, ನಾಳೆ ಉಜ್ಜುವುದು.

ನಾದಿನಿ ಫೋನು ಮಾಡಿದ್ದಳು. "ಅತ್ತಿಗೆ, ಈ ವಾರ ಬಂದು ಅಮ್ಮನ್ನ ಕರ್ಕೊಂಡು ಹೋಗ್ಲಾ?" ಎಂದಳು. ಈ ವಾರ ಆಗುವುದಿಲ್ಲ ಎಂದೆ. ಅತ್ತೆಯ ಕಣ್ಣಿನ ನಂಬರು ಬದಲಾಗಿದೆ, ಪತ್ರಿಕೆಯನ್ನು ಮೂಗಿಗೆ ಹಿಡಿದು ಓದುತ್ತಾರೆ. ನಮ್ಮ ಅಂಗಡಿಯಲ್ಲೇ ಪರೀಕ್ಷೆ ಮಾಡಿಸಿ ಕನ್ನಡಕ ಕೊಡಿಸುವುದು ಸುಲಭ. ಅದಾದ ಮೇಲೆ ಸೆಖೆ ಶುರುವಾಗುತ್ತದೆ, ಪ್ರಯಾಣ ಕಷ್ಟ. ಆಮೇಲೆ ನೋಡೋಣ ಎಂದೆ. ಅತ್ತೆ ಪಕ್ಕದಲ್ಲೇ ಕೂತು ಎಲ್ಲ ಕೇಳಿಸಿಕೊಂಡು, "ನನ್ನ ಕಣ್ಣು ಚೆನ್ನಾಗೇ ಇದೆ" ಎಂದರು. ಹೇಳಿದ್ದು ಮಾತ್ರ ನಾನು ಫೋನು ಇಟ್ಟ ಮೇಲೆ.

ಮಧ್ಯಾಹ್ನ ಮಷೀನು ಖಾಲಿ ಮಾಡಿದೆ. ಲೋಟ, ಬಟ್ಟಲು, ಬಾಗಿದ ಚಮಚ. ತಟ್ಟೆಗಳನ್ನು ಒರೆಸಿ ಕಟ್ಟೆಯ ಮೇಲೆ ಒಂದರ ಮೇಲೊಂದು ಪೇರಿಸುತ್ತಾ ಹೋದೆ. ಬಿಳಿ ತಟ್ಟೆಗಳು, ಎಲ್ಲವೂ ಒಂದೇ ಸೆಟ್ಟಿನವು. ಪೇರಿಸಿದ ಮೇಲೆ ನೆನಪಾಯಿತು, ಇವರದನ್ನು ಬೇರೆ ಇಡಬೇಕಿತ್ತು. ಮತ್ತೆ ಒಂದೊಂದನ್ನೇ ತೆಗೆದು ಕಿಟಕಿಯ ಬೆಳಕಿಗೆ ಹಿಡಿದೆ. ಅಂಚು ಸವರಿ ನೋಡಿದೆ. ಗೊತ್ತಾಗಲಿಲ್ಲ. ಯಾವುದೂ ಆಗಿರಬಹುದಿತ್ತು.

ಮೇಲಿನದನ್ನು ಅತ್ತೆಗೆ ಇಟ್ಟೆ, ಅದರ ಕೆಳಗಿನದನ್ನು ನನಗೆ.

ಅತ್ತೆ ಕರೆಯುತ್ತಿದ್ದಾರೆ. ಅನ್ನ ಆರುತ್ತಿದೆಯಂತೆ.